ಕಾಡುಬೆಟ್ಟಕ್ಕೆ ಜನರನ್ನು ಕರೆಯುವ ಮುನ್ನ

ಮಾನ್ಯ ಸಂಪಾದಕರೇ,

ಕಾಡುಬೆಟ್ಟಗಳಲ್ಲಿ ಚಾರಣಕ್ಕೆ ಅವಕಾಶ ಇರಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ಓದುಗರು ಎರಡು ಪಕ್ಷಗಳಾಗಿ ನಿಲ್ಲುತ್ತಾರೆ. ಬೆಟ್ಟವನ್ನು ಪೂರ್ತಿ ಮುಚ್ಚಿಬಿಡಿ ಎಂದು ಕೆಲವರು ಹೇಳಿದರೆ, ನಿಸರ್ಗ ಎಲ್ಲರ ಸೊತ್ತು, ಅದನ್ನು ಕಾಣುವ ಹಕ್ಕನ್ನು ಕಸಿಯಬೇಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ಕಡೆಯವರ ಕಾಳಜಿ ಪ್ರಾಮಾಣಿಕವಾದದ್ದೇ. ಆದರೆ ಇಬ್ಬರೂ ಎಣಿಸುತ್ತಿರುವುದು ಬೆಟ್ಟ ಹತ್ತುವವರ ತಲೆಗಳನ್ನು ಮಾತ್ರ. ಆ ಜನ ಯಾವ ದಾರಿಯಲ್ಲಿ ನಡೆದರು, ಯಾವ ಋತುವಿನಲ್ಲಿ ನಡೆದರು, ಆ ದಾರಿಯನ್ನು ವರ್ಷವಿಡೀ ನೋಡಿಕೊಳ್ಳುವವರು ಯಾರು, ಬೆಟ್ಟದ ತಪ್ಪಲಿನ ಜಮೀನು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳು ಈ ಜಗಳದಲ್ಲಿ ಮೇಲೆ ಬರುವುದೇ ಇಲ್ಲ. ಮೊದಲು ಜಮೀನಿಗೆ ಶಾಶ್ವತ ರಕ್ಷಣೆ, ಅನಂತರ ಸರಿಯಾಗಿ ಕಟ್ಟಿದ ಕಾಲುದಾರಿ ಮತ್ತು ಅದರ ನಿರ್ವಹಣೆ, ಇವೆರಡೂ ಆದ ಮೇಲೆ ಜನ ಎಂಬ ಕ್ರಮವನ್ನು ಪಾಲಿಸದ ಹೊರತು ಯಾವ ಬೆಟ್ಟವನ್ನೂ ವಿಹಾರಕ್ಕೆ ತೆರೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅನುಮತಿ ಕೋರುತ್ತೇನೆ.

ಕಾಡಿನ ನೆಲ ಕಾಲ್ತುಳಿತಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಧ್ಯಯನ ಮಾಡುವ ವಿಜ್ಞಾನವೇ ಒಂದಿದೆ. ಅಮೆರಿಕದ ಡೇವಿಡ್ ಕೋಲ್ ಮತ್ತು ಬ್ರಿಟನ್ನಿನ ನೀಲ್ ಬೇಫೀಲ್ಡ್ 1993ರಲ್ಲಿ ಇದಕ್ಕೊಂದು ಪ್ರಮಾಣಿತ ಪರೀಕ್ಷಾ ವಿಧಾನವನ್ನು ರೂಪಿಸಿದರು. ಅರ್ಧ ಮೀಟರ್ ಅಗಲದ ನೆಲದ ಪಟ್ಟಿಗಳನ್ನು ಗುರುತು ಮಾಡಿ, ಒಂದರ ಮೇಲೆ 25 ಸಲ, ಇನ್ನೊಂದರ ಮೇಲೆ 75 ಸಲ, ಮತ್ತೊಂದರ ಮೇಲೆ 200 ಸಲ, ಕೊನೆಯದರ ಮೇಲೆ 500 ಸಲ ನಡೆದು, ಯಾರೂ ತುಳಿಯದ ಪಟ್ಟಿಯೊಂದಿಗೆ ಹೋಲಿಸಿ, ಗಿಡಗಳು ಎಷ್ಟು ಉಳಿದವು, ಮರುವರ್ಷ ಎಷ್ಟು ಚೇತರಿಸಿಕೊಂಡವು ಎಂದು ನೋಡುವುದು ಆ ವಿಧಾನ. ಇಂತಹ ಪ್ರಯೋಗಗಳಿಂದ ಮತ್ತೆ ಮತ್ತೆ ತಿಳಿದುಬಂದ ಸಂಗತಿಯೆಂದರೆ, ಹಾನಿಯ ಬಹುಪಾಲು ಮೊದಲ ಕೆಲವೇ ಹೆಜ್ಜೆಗಳಲ್ಲಿ ಆಗಿಹೋಗುತ್ತದೆ. ಮರದ ನೆರಳಿನಲ್ಲಿ ಬೆಳೆಯುವ ಮೆದುಕಾಂಡದ, ಅಗಲ ಎಲೆಯ ಗಿಡಗಳು ತೀರಾ ಬೇಗ ನೆಲಕಚ್ಚುತ್ತವೆ. ಬಿಸಿಲಿನಲ್ಲಿ ಬೆಳೆಯುವ ಹುಲ್ಲುಗಳು ಹೆಚ್ಚು ತಾಳಿಕೊಳ್ಳುತ್ತವೆ. ಒಮ್ಮೆ ನೆಲ ಬರಿದಾದ ಮೇಲೆ ಅದೇ ಪಟ್ಟಿಯಲ್ಲಿ ಇನ್ನೂ ನೂರು ಜನ ನಡೆದರೂ ಹೊಸದಾಗಿ ಆಗುವ ನಷ್ಟ ಅಷ್ಟಾಗಿ ಹೆಚ್ಚುವುದಿಲ್ಲ.

ಈ ಒಂದು ಸಂಗತಿಯಿಂದ ಎಷ್ಟೊಂದು ತೀರ್ಮಾನಗಳು ಹೊರಡುತ್ತವೆ ಎಂಬುದನ್ನು ನಮ್ಮ ಯೋಜನಾಕಾರರು ಯೋಚಿಸಬೇಕು. ಒಂದೇ ದಾರಿಯಲ್ಲಿ ಸಾಲಾಗಿ ನಡೆಯುವ ಐನೂರು ಮಂದಿಗಿಂತ, ದಾರಿಯಿಲ್ಲದ ಕಾಡಿನಲ್ಲಿ ಹತ್ತು ದಿಕ್ಕಿಗೆ ಚದುರಿ, ವಾರವಾರವೂ ಅದೇ ಜಾಡುಗಳನ್ನು ತುಳಿಯುವ ಐವತ್ತು ಮಂದಿ ಹೆಚ್ಚು ನೆಲವನ್ನು ಕೆಡಿಸಬಲ್ಲರು. ಹಾಗಾದರೆ ಜನಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದ ಮಾತ್ರಕ್ಕೆ ಹಾನಿ ಅರ್ಧಕ್ಕೆ ಇಳಿಯುವುದಿಲ್ಲ. ಬೆಟ್ಟದ ಮೇಲಿನ ನಡಿಗೆಯನ್ನು ಒಂದು ಗಟ್ಟಿಯಾದ ದಾರಿಗೆ ಒಟ್ಟುಗೂಡಿಸಿ, ಉಳಿದ ನೆಲವನ್ನು ಕಾಲು ಸೋಕದಂತೆ ಬಿಡುವುದೇ ನಿಜವಾದ ಉಳಿತಾಯ. ಯಾರೂ ನಡೆಯದ ನೆಲದಲ್ಲಿ ಅನಿವಾರ್ಯವಾಗಿ ನಡೆಯಬೇಕಾಗಿ ಬಂದಾಗ ಮಾತ್ರ ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡದೆ ಚದುರಿ ಸಾಗಬೇಕು. ಚಾರಣ ಕಲಿಸುವ ಶಿಬಿರಗಳಲ್ಲಿ ಪ್ಲಾಸ್ಟಿಕ್ ಎಸೆಯಬೇಡಿ ಎಂಬ ಬುದ್ಧಿವಾದಕ್ಕೆ ಕೊಡುವಷ್ಟೇ ಮಹತ್ವವನ್ನು ಈ ಪಾಠಕ್ಕೂ ಕೊಡಬೇಕಾಗಿದೆ. ಎಸೆದ ಬಾಟಲಿಯನ್ನು ಇನ್ನೊಬ್ಬರು ಹೆಕ್ಕಬಹುದು, ಕೊಚ್ಚಿಹೋದ ಮೇಲ್ಮಣ್ಣನ್ನು ಯಾರೂ ಹೆಕ್ಕಿ ತರಲಾರರು.

ಮೇಲ್ಮಣ್ಣು ಕೊಚ್ಚಿಹೋಗುವ ಬಗೆಯನ್ನೂ ಹೇಳಬೇಕು. ಕಾಡಿನ ನೆಲದ ಮೇಲೆ ತರಗೆಲೆಯ ಹೊದಿಕೆ, ಅದರ ಅಡಿಯಲ್ಲಿ ಕೊಳೆತ ಎಲೆಗಳ ಕಪ್ಪು ಪದರ, ಅದರ ಕೆಳಗೆ ಬೇರುಗಳೂ ಹುಳುಗಳೂ ಕೊರೆದ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ ಮಣ್ಣು ಇರುತ್ತವೆ. ಮಳೆಯ ನೀರು ಇಂಗುವುದು ಈ ರಂಧ್ರಗಳ ಮೂಲಕ. ಕಾಲ್ತುಳಿತಕ್ಕೆ ಮೊದಲು ತರಗೆಲೆ ಪುಡಿಯಾಗಿ ಹೋಗುತ್ತದೆ, ಆಮೇಲೆ ಮಣ್ಣು ಗಡುಸಾಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಇಂಗಲು ದಾರಿ ಸಿಗದ ನೀರು ಕಾಲುದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯತೊಡಗುತ್ತದೆ. ದಾರಿಯು ಇಳಿಜಾರಿನ ನೇರಕ್ಕೆ, ಅಂದರೆ ನೀರು ಸಹಜವಾಗಿ ಇಳಿಯುವ ದಿಕ್ಕಿಗೇ ಇದ್ದರಂತೂ ಕೆಲವು ಮಳೆಗಾಲಗಳಲ್ಲಿ ಅದು ಮೊಣಕಾಲುದ್ದದ ಕೊರಕಲಾಗುತ್ತದೆ, ಮರದ ಬೇರುಗಳು ಹೊರಬೀಳುತ್ತವೆ, ಕೆಳಗಿನ ತೊರೆಗಳಲ್ಲಿ ಹೂಳು ತುಂಬುತ್ತದೆ. ಕೊರಕಲಿನಲ್ಲಿ ನಡೆಯಲಾಗದ ಜನ ಪಕ್ಕದ ಹಸಿರಿನ ಮೇಲೆ ಕಾಲಿಡುತ್ತಾರೆ. ಅದೂ ಕೊರಕಲಾದಾಗ ಅದರ ಪಕ್ಕಕ್ಕೆ ಸರಿಯುತ್ತಾರೆ. ಹೀಗೆ ಎರಡಡಿಯ ದಾರಿ ಇಪ್ಪತ್ತಡಿಯ ಗಾಯವಾಗುತ್ತದೆ.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ದಾರಿಯನ್ನು ಬೆಟ್ಟದ ಪಾರ್ಶ್ವದಲ್ಲಿ ಓರೆಯಾಗಿ ಕೊರೆಯಬೇಕು. ದಾರಿಯ ಏರು ಆ ಜಾಗದ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿಯಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿರಬೇಕು ಎಂಬುದು ದಾರಿ ಕಟ್ಟುವವರ ಅನುಭವದಿಂದ ಬಂದ ನಿಯಮ. ದಾರಿಯ ಹೊರ ಅಂಚು ಕಣಿವೆಯ ಕಡೆಗೆ ತುಸು ಬಾಗಿರಬೇಕು; ಅಲ್ಲಲ್ಲಿ ದಾರಿಯೇ ಸ್ವಲ್ಪ ತಗ್ಗಿ ಮತ್ತೆ ಏರಬೇಕು; ಹಾಗಿದ್ದರೆ ನೀರು ದಾರಿಯುದ್ದಕ್ಕೂ ಹರಿಯದೆ ಆ ತಗ್ಗುಗಳಲ್ಲಿ ಹೊರಹೋಗಿ ಕಾಡಿನಲ್ಲಿ ಇಂಗುತ್ತದೆ. ಕಡಿದಾದ ಕಡೆ ಕಲ್ಲಿನ ಮೆಟ್ಟಿಲು, ಜೌಗಿನಲ್ಲಿ ಹಲಗೆಯ ಹಾದಿ ಬೇಕು. ತಿರುವುಗಳನ್ನು ಬಂಡೆ ಅಥವಾ ದಟ್ಟ ಪೊದೆಯ ಮರೆಯಲ್ಲಿ ಇಡಬೇಕು, ಇಲ್ಲವಾದರೆ ಕೆಳಗಿನ ದಾರಿ ಕಣ್ಣಿಗೆ ಬಿದ್ದ ಕೂಡಲೇ ಅವಸರದವರು ಅಡ್ಡ ಇಳಿದು ಹೊಸ ಕೊರಕಲಿಗೆ ನಾಂದಿ ಹಾಡುತ್ತಾರೆ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ, ಕಲ್ಲು ಜೋಡಿಸುವ ಕೈ ಮತ್ತು ನೀರಿನ ನಡೆಯನ್ನು ಓದಬಲ್ಲ ಕಣ್ಣು ಬೇಕು. ನಾರ್ವೆಯ ಬೆಟ್ಟಗಳಲ್ಲಿ ಜನದಟ್ಟಣೆಯಿಂದ ದಾರಿಗಳು ಹಾಳಾದಾಗ ಅಲ್ಲಿನವರು ನೇಪಾಳದ ಶೆರ್ಪಾ ಕುಶಲಕರ್ಮಿಗಳನ್ನು ಕರೆಸಿ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದರು. ಹಿಮಾಲಯದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಈ ವಿದ್ಯೆ ಬೇರೊಂದು ಖಂಡದ ಬೆಟ್ಟಗಳನ್ನು ಕಾಯುತ್ತಿದೆ. ಬೆಟ್ಟದ ಜನರಲ್ಲಿರುವ ಇಂತಹ ಜ್ಞಾನವನ್ನು ಗುರುತಿಸಿ, ಅದಕ್ಕೆ ಗೌರವಯುತ ಸಂಬಳ ಕೊಡುವ ವ್ಯವಸ್ಥೆ ಎಲ್ಲ ಕಡೆಯೂ ಬರಬೇಕು ಎಂದು ಹಂಬಲಿಸುವವರಲ್ಲಿ ನಾನೂ ಒಬ್ಬ.

ದಾರಿಯನ್ನು ಒಮ್ಮೆ ಕಟ್ಟಿ ಉದ್ಘಾಟನೆ ಮಾಡಿ ಮರೆತರೆ ಪ್ರಯೋಜನವಿಲ್ಲ. ಬಸಿಗಾಲುವೆಯಲ್ಲಿ ತರಗೆಲೆ ಕಟ್ಟಿಕೊಂಡರೆ ಒಂದೇ ಜಡಿಮಳೆಗೆ ವರ್ಷದ ಕೆಲಸ ಹಾಳಾಗುತ್ತದೆ. ವೀಕ್ಷಣಾ ಗೋಪುರಕ್ಕೆ, ಸ್ವಾಗತ ಕಮಾನಿಗೆ, ಗಾಜಿನ ಸೇತುವೆಗೆ ಹಣ ಸಿಗುತ್ತದೆ, ಆದರೆ ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವ ನಾಲ್ಕು ಜನರ ಕೂಲಿಗೆ ಹಣ ಸಿಗುವುದಿಲ್ಲ. ಈ ವಿಚಾರದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ನೆತ್ತಿಯಲ್ಲಿ, ಮರಗಳ ಎಲ್ಲೆಗಿಂತ ಮೇಲೆ, ಶೀತವಲಯದ ಅಪರೂಪದ ಗಿಡಗಳ ಸಣ್ಣ ಸಣ್ಣ ತುಣುಕುಗಳಿವೆ. ಚಾರಣಿಗರ ಕಾಲಡಿಗೆ ಸಿಕ್ಕು ಅವು ನಾಶವಾಗುತ್ತಿದ್ದಾಗ, 1989ರಲ್ಲಿ ನೆತ್ತಿಯ ಮೇಲೆ ತರಬೇತಿ ಪಡೆದ ಪಾಲಕರನ್ನು ನೇಮಿಸುವ ಯೋಜನೆ ಆರಂಭವಾಯಿತು. ಅವರು ಯಾರಿಗೂ ದಂಡ ಹಾಕುವವರಲ್ಲ. ಬಂದವರನ್ನು ಮಾತನಾಡಿಸಿ, ಇದು ಹುಲ್ಲಿನಂತೆ ಕಂಡರೂ ಹುಲ್ಲಲ್ಲ, ದಯವಿಟ್ಟು ಬಂಡೆಯ ಮೇಲೆ ಹೆಜ್ಜೆ ಇಡಿ ಎಂದು ವಿವರಿಸುತ್ತಾರೆ, ಬರಿದಾದ ಜಾಗದ ಸುತ್ತ ಕಲ್ಲಿನ ಅಂಚು ಕಟ್ಟುತ್ತಾರೆ. ಹಳೆಯ ಮತ್ತು ಹೊಸ ಛಾಯಾಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹಸಿರು ಮರಳಿರುವುದು ಕಾಣುತ್ತದೆ. ನೆತ್ತಿಗೆ ಬರುವವರ ಸಂಖ್ಯೆ ಹೆಚ್ಚುತ್ತಲೇ ಇದ್ದ ವರ್ಷಗಳಲ್ಲಿ ಇದು ಸಾಧ್ಯವಾಯಿತು ಎಂಬುದನ್ನು ಎರಡೂ ಪಕ್ಷದವರು ಗಮನಿಸಬೇಕು.

ಹಾಗೆಂದು ಮುಚ್ಚುವುದೇ ತಪ್ಪು ಎನ್ನುತ್ತಿಲ್ಲ. ಮುಚ್ಚಲೇಬೇಕಾದ ಸಂದರ್ಭಗಳಿವೆ. ನ್ಯೂಜಿಲೆಂಡಿನ ವೈಟಾಕೆರೆ ಬೆಟ್ಟಸಾಲಿನಲ್ಲಿ ನೂರಾರು ವರ್ಷ ಬಾಳುವ ಕೌರಿ ಮರಗಳಿಗೆ ಬೇರು ಕೊಳೆಸುವ ಒಂದು ರೋಗ ತಗಲಿದೆ. ಅದು ಮಣ್ಣಿನ ಮೂಲಕ ಹರಡುತ್ತದೆ. ಚಾರಣಿಗರ ಬೂಟಿನ ಅಡಿಗೆ ಅಂಟಿದ ಚಿಟಿಕೆ ಮಣ್ಣು ಸಾಕು. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಮೂಲನಿವಾಸಿ ಮಾವೊರಿ ಸಮುದಾಯವು ತನ್ನ ಸಂಪ್ರದಾಯದಂತೆ ಕಾಡಿಗೆ ಪ್ರವೇಶ ನಿಷೇಧವನ್ನು ಸಾರಿತು. ಮರುವರ್ಷ ಆಕ್ಲೆಂಡ್ ನಗರಾಡಳಿತವೂ ಬಹುತೇಕ ದಾರಿಗಳನ್ನು ಮುಚ್ಚಿತು. ನನಗೆ ಮೆಚ್ಚುಗೆಯಾಗುವುದು ಅದರ ಮುಂದಿನ ಹೆಜ್ಜೆ. ಮುಚ್ಚಿ ಸುಮ್ಮನೆ ಕೂರದೆ, ಬೇರಿಗೆ ಕಾಲು ತಾಗದಂತೆ ಜಲ್ಲಿಯ ಹಾದಿ ಮತ್ತು ಹಲಗೆಯ ಹಾದಿಗಳನ್ನು ನಿರ್ಮಿಸಿ, ಪಾದರಕ್ಷೆ ಉಜ್ಜಿ ತೊಳೆಯುವ ವ್ಯವಸ್ಥೆಯನ್ನು ದಾರಿಯ ಬಾಯಲ್ಲೇ ಇಟ್ಟು, ಸಿದ್ಧವಾದ ದಾರಿಗಳನ್ನಷ್ಟೇ ಒಂದೊಂದಾಗಿ ಮತ್ತೆ ತೆರೆಯುತ್ತ ಬಂದರು. ಮುಚ್ಚುವುದಕ್ಕೂ ತೆರೆಯುವುದಕ್ಕೂ ನಡುವೆ ದುರಸ್ತಿ ಎಂಬುದೊಂದಿದೆ ಎಂದು ತೋರಿಸಿಕೊಟ್ಟ ಈ ಉದಾಹರಣೆಯನ್ನು ಅಧಿಕಾರದಲ್ಲಿರುವವರು ಗಂಭೀರವಾಗಿ ಓದಬೇಕು.

ಪ್ರಾಣಿಗಳ ವಿಷಯದಲ್ಲಿ ನಾವು ಮಾಡುವ ತೊಂದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆರು ಖಂಡಗಳ 62 ಬಗೆಯ ಸ್ತನಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮನುಷ್ಯರ ಓಡಾಟವಿರುವ ಕಡೆ ಪ್ರಾಣಿಗಳು ಹೆಚ್ಚು ಹೆಚ್ಚು ರಾತ್ರಿಯ ಹೊತ್ತಿಗೆ ತಮ್ಮ ಚಟುವಟಿಕೆಯನ್ನು ಸರಿಸಿಕೊಳ್ಳುತ್ತವೆ ಎಂದು ತೋರಿಸಿತು. ಬೇಟೆಗಾರರು ಬರಲಿ, ಬರಿಗೈಯ ಚಾರಣಿಗರು ಬರಲಿ, ಅವುಗಳ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು. ಹಗಲನ್ನು ನಾವು ತೆಗೆದುಕೊಂಡಿದ್ದೇವೆ. ಉಳಿದ ರಾತ್ರಿಯನ್ನೂ ಹಣೆದೀಪ ಕಟ್ಟಿಕೊಂಡು ಸೂರ್ಯೋದಯ ನೋಡಲು ಹೊರಡುವ ಗುಂಪುಗಳಿಗೆ ಬಿಟ್ಟುಕೊಡುವುದು ಸರಿಯಲ್ಲ. ಕತ್ತಲಲ್ಲಿ ಬೆಟ್ಟ ಖಾಲಿಯಿರಬೇಕು, ಮರಿ ಹಾಕುವ ಕಾಲದಲ್ಲಿ ಕೆಲವು ದಾರಿಗಳಾದರೂ ಬಿಡುವು ಪಡೆಯಬೇಕು, ನಾಯಿಗಳನ್ನು ಕಾಡಿನೊಳಗೆ ತರಬಾರದು.

ದಿನಕ್ಕೆ ಇಷ್ಟೇ ಜನ ಎಂಬ ಮಿತಿಯ ಬಗ್ಗೆ ಈಗ ಎಲ್ಲೆಡೆ ಮಾತು ನಡೆಯುತ್ತಿದೆ. ಜಪಾನಿನ ಫ್ಯೂಜಿ ಪರ್ವತದ ಯೋಶಿದಾ ದಾರಿಯಲ್ಲಿ 2024ರಿಂದ ದಿನಕ್ಕೆ 4,000 ಜನರ ಮಿತಿ ಬಂದಿದೆ, ಶುಲ್ಕ ಬಂದಿದೆ, ಮೇಲೆ ತಂಗಲು ಜಾಗ ಕಾಯ್ದಿರಿಸದವರಿಗೆ ಮಧ್ಯಾಹ್ನದ ನಂತರ ದಾರಿಯ ಬಾಗಿಲು ಮುಚ್ಚುತ್ತದೆ. ಕರ್ನಾಟಕದಲ್ಲಿಯೂ ಅದೇ ವರ್ಷ ಚಾರಣಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ಮತ್ತು ದೈನಂದಿನ ಮಿತಿ ಜಾರಿಗೆ ಬಂದವು. ಇವು ಅಗತ್ಯವಾದ ಕ್ರಮಗಳು, ನಾನು ಸ್ವಾಗತಿಸುತ್ತೇನೆ. ಆದರೆ ಮಿತಿಯನ್ನು ನಿಗದಿ ಮಾಡುವಾಗ ದಾರಿಯ ಸ್ಥಿತಿಯನ್ನು ಅಳೆಯದಿದ್ದರೆ ಆ ಸಂಖ್ಯೆಗೆ ಅರ್ಥವಿರುವುದಿಲ್ಲ. ಒಂದೇ ಸಂಖ್ಯೆಯನ್ನು ಎಲ್ಲ ಬೆಟ್ಟಗಳಿಗೂ ಅಂಟಿಸಲಾಗದು. ಬಂಡೆಯ ಮೇಲಿನ ದಾರಿ ತಾಳುವಷ್ಟನ್ನು ಜೌಗಿನ ದಾರಿ ತಾಳಲಾರದು, ಬೇಸಿಗೆಯಲ್ಲಿ ತಾಳುವಷ್ಟನ್ನು ಮಣ್ಣು ನೆನೆದ ತಿಂಗಳಲ್ಲಿ ಅದೇ ದಾರಿ ತಾಳಲಾರದು. ಪ್ರತಿ ವರ್ಷ ಗೊತ್ತುಪಡಿಸಿದ ಅದೇ ಜಾಗಗಳಲ್ಲಿ ದಾರಿಯ ಅಗಲ, ಕೊರಕಲಿನ ಆಳ, ಕವಲೊಡೆದ ಒಳದಾರಿಗಳ ಸಂಖ್ಯೆ ಇವುಗಳನ್ನು ಅಳೆದು, ಅದರಂತೆ ಮಿತಿಯನ್ನು ಏರಿಸುವ ಇಳಿಸುವ ಅಭ್ಯಾಸ ಬರಬೇಕು. ಸಂಗ್ರಹವಾದ ಶುಲ್ಕ ಬೇರೆ ಖಾತೆಗೆ ಹೋಗದೆ ಅದೇ ದಾರಿಯ ದುರಸ್ತಿಗೆ ಸಲ್ಲಬೇಕು.

ಇಷ್ಟೆಲ್ಲ ಆದರೂ ತಪ್ಪಲಿನ ಜಮೀನು ಕೈತಪ್ಪಿದರೆ ಬೆಟ್ಟ ಉಳಿಯುವುದಿಲ್ಲ. ಒಂದು ಬೆಟ್ಟ ಜನಪ್ರಿಯವಾಯಿತೆಂದರೆ ಅದರ ಬುಡದ ಜಮೀನಿನ ಬೆಲೆ ಏರುತ್ತದೆ, ತುಂಡು ತುಂಡಾಗಿ ಮಾರಾಟವಾಗುತ್ತದೆ, ವಸತಿಗೃಹಗಳೂ ರಸ್ತೆಗಳೂ ಬೇಲಿಗಳೂ ಬರುತ್ತವೆ. ರಸ್ತೆಯ ಅಂಚಿನಿಂದ ಕಳೆಗಿಡಗಳು ಕಾಡಿನೊಳಕ್ಕೆ ನುಗ್ಗುತ್ತವೆ, ಒಂದು ಕಾಡಿನಿಂದ ಇನ್ನೊಂದಕ್ಕೆ ಪ್ರಾಣಿಗಳು ದಾಟುವ ಜಾಡು ಕಡಿದುಹೋಗುತ್ತದೆ, ನೆತ್ತಿಯೊಂದು ಒಂಟಿ ದ್ವೀಪವಾಗಿ ನಿಲ್ಲುತ್ತದೆ. ನೆತ್ತಿಯನ್ನು ಸಂರಕ್ಷಿತವೆಂದು ಘೋಷಿಸಿ ಬುಡವನ್ನು ಮಾರುಕಟ್ಟೆಗೆ ಬಿಡುವುದು ಸಂರಕ್ಷಣೆಯಲ್ಲ.

ಇದನ್ನು ಬಹಳ ಹಿಂದೆಯೇ ಅರಿತವರಿದ್ದರು. ಅಡಿರಾಂಡಾಕ್ ಬೆಟ್ಟಗಳಲ್ಲಿ ಮರ ಕಡಿತದಿಂದ ನದಿಗಳೂ ಕಾಲುವೆಗಳೂ ಬತ್ತುತ್ತವೆಂಬ ಆತಂಕ ಹುಟ್ಟಿದಾಗ ನ್ಯೂಯಾರ್ಕ್ ರಾಜ್ಯ 1885ರಲ್ಲಿ ಅರಣ್ಯ ಮೀಸಲನ್ನು ರಚಿಸಿತು. 1894ರಲ್ಲಿ ಆ ಸರ್ಕಾರಿ ಭೂಮಿ ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದು ಎಂಬ ವಾಕ್ಯವನ್ನು ರಾಜ್ಯದ ಸಂವಿಧಾನದಲ್ಲೇ ಸೇರಿಸಿತು. ಒಂದು ಸರ್ಕಾರದ ಆದೇಶವನ್ನು ಮುಂದಿನ ಸರ್ಕಾರ ತೆಗೆದುಹಾಕಬಹುದು; ಸಂವಿಧಾನದ ಮಾತನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಅಮೆರಿಕದ್ದೇ ಆದ ಮೇನ್ ರಾಜ್ಯದ ಪರ್ಸಿವಲ್ ಬ್ಯಾಕ್ಸ್ಟರ್ ಅವರ ಕಥೆ ಇನ್ನೂ ದೊಡ್ಡದು. 1921ರಿಂದ ರಾಜ್ಯಪಾಲರಾಗಿದ್ದಾಗ ಕಟಾಡಿನ್ ಬೆಟ್ಟವನ್ನು ರಾಜ್ಯವೇ ಕೊಳ್ಳಬೇಕೆಂದು ಅವರು ಶಾಸನಸಭೆಯನ್ನು ಕೇಳಿಕೊಂಡರು, ಸಭೆ ಒಪ್ಪಲಿಲ್ಲ. ಅಧಿಕಾರ ಬಿಟ್ಟ ಮೇಲೆ, 1930ರಲ್ಲಿ, ಬೆಟ್ಟದ ನೆತ್ತಿಯನ್ನು ಒಳಗೊಂಡ ಸುಮಾರು 6,000 ಎಕರೆಯನ್ನು ಸ್ವಂತ ಹಣದಲ್ಲಿ ಕೊಂಡು, ಮರುವರ್ಷ ಜನರಿಗೆ ದಾನ ಮಾಡಿದರು. ಅಲ್ಲಿಗೂ ನಿಲ್ಲದೆ ಸುತ್ತಲಿನ ತುಂಡುಗಳನ್ನು ಒಂದೊಂದಾಗಿ ಕೊಳ್ಳುತ್ತ 1962ರ ಹೊತ್ತಿಗೆ ಎರಡು ಲಕ್ಷ ಎಕರೆಗೂ ಮೀರಿದ ಕಾಡನ್ನು ಕೂಡಿಸಿಕೊಟ್ಟರು, ನಿರ್ವಹಣೆಗಾಗಿ ಬೇರೆ ನಿಧಿಯನ್ನೂ ಇಟ್ಟರು. ಆ ಉದ್ಯಾನದಲ್ಲಿ ಇಂದಿಗೂ ಕಾಡಿನ ರಕ್ಷಣೆಗೆ ಮೊದಲ ಸ್ಥಾನ, ವಿಹಾರಕ್ಕೆ ಎರಡನೆಯದು. ದಾರಿಯ ಬಾಯಲ್ಲಿರುವ ವಾಹನ ನಿಲುಗಡೆಯ ಜಾಗ ಎಷ್ಟಿದೆಯೋ ಅಷ್ಟೇ ಜನಕ್ಕೆ ಪ್ರವೇಶ, ನಿಲುಗಡೆಯನ್ನು ಹಿಗ್ಗಿಸುವುದಿಲ್ಲ. ಎಷ್ಟು ಸರಳ, ಎಷ್ಟು ಗಟ್ಟಿಯಾದ ನಿಯಮ!

ಎಲ್ಲ ಜಮೀನನ್ನೂ ಕೊಳ್ಳಲು ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಕೊಳ್ಳಲೇಬೇಕೆಂದಿಲ್ಲ. ಒಡೆತನ ರೈತನ ಬಳಿಯೇ ಉಳಿದು, ಜಮೀನನ್ನು ತುಂಡು ಮಾಡುವ ಮತ್ತು ಕಟ್ಟಡ ಎಬ್ಬಿಸುವ ಹಕ್ಕನ್ನಷ್ಟೇ ಪರಿಹಾರ ಪಡೆದು ಶಾಶ್ವತವಾಗಿ ಬಿಟ್ಟುಕೊಡುವ ನೋಂದಾಯಿತ ಕರಾರುಗಳು ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಬೇಸಾಯ, ಹುಲ್ಲು ಕೊಯ್ಲು, ತೋಟ ಎಲ್ಲವೂ ಎಂದಿನಂತೆ ನಡೆಯುತ್ತವೆ. ಜಮೀನು ಮಾರಾಟವಾದರೂ ಕರಾರು ಮುಂದಿನ ಒಡೆಯನನ್ನು ಕಟ್ಟಿಹಾಕುತ್ತದೆ. ತಪ್ಪಲಿನ ಜನರನ್ನು ಒಕ್ಕಲೆಬ್ಬಿಸದೆ ತಪ್ಪಲನ್ನು ಉಳಿಸಿಕೊಳ್ಳಲು ಇದಕ್ಕಿಂತ ನ್ಯಾಯವಾದ ದಾರಿ ನನಗೆ ತೋರುತ್ತಿಲ್ಲ.

ಕಟ್ಟುನಿಟ್ಟು ಹೆಚ್ಚಾದರೆ ಬೆಟ್ಟ ಹಣವಂತರ ಪಾಲಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಡಿನ ನಡಿಗೆ ಮನುಷ್ಯನ ದೇಹಕ್ಕೂ ಮನಸ್ಸಿಗೂ ಬೇಕಾದದ್ದು, ಕಾಡನ್ನು ಕಂಡವರೇ ಕಾಡಿನ ಪರವಾಗಿ ಮಾತನಾಡುವವರು. ನಾರ್ವೆಯ 1957ರ ಕಾಯ್ದೆಯು ಬೇಸಾಯವಿಲ್ಲದ ನೆಲದಲ್ಲಿ ಯಾರು ಬೇಕಾದರೂ ನಡೆಯುವ ಹಕ್ಕನ್ನು, ಎಚ್ಚರ ಮತ್ತು ಗೌರವದಿಂದ ನಡೆಯುವ ಹೊಣೆಯೊಂದಿಗೆ, ಕಾನೂನಾಗಿಯೇ ಬರೆದಿಟ್ಟಿದೆ. ಆದ್ದರಿಂದ ಮಿತಿ ಇರುವ ಕಡೆ ಜಾಗವನ್ನು ಹೆಚ್ಚು ಹಣ ಕೊಟ್ಟವರಿಗೆ ಹಂಚದೆ ಸರದಿ ಅಥವಾ ಚೀಟಿ ಎತ್ತುವ ಮೂಲಕ ಹಂಚಬೇಕು, ಶಾಲಾ ಮಕ್ಕಳಿಗೆ ಒಂದು ಪಾಲು ಮೀಸಲಿರಬೇಕು, ತಪ್ಪಲಿನವರ ಹಿಂದಿನಿಂದ ಬಂದ ಓಡಾಟವನ್ನು ಪ್ರವಾಸಿಗರ ಲೆಕ್ಕಕ್ಕೆ ಸೇರಿಸಬಾರದು.

ತಮ್ಮ ಪತ್ರಿಕೆಯ ಮೂಲಕ ಅರಣ್ಯ ಮತ್ತು ಪ್ರವಾಸೋದ್ಯಮ ಖಾತೆಗಳನ್ನು ನಿರ್ವಹಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಯಾವುದೇ ಕಾಡುಬೆಟ್ಟದಲ್ಲಿ ಹೊಸ ವಿಹಾರ ಯೋಜನೆಯನ್ನು ಪ್ರಕಟಿಸುವ ಮುನ್ನ ಮೂರು ದಾಖಲೆಗಳನ್ನು ಜನರ ಮುಂದಿಡಬೇಕು: ತಪ್ಪಲಿನ ಜಮೀನಿನ ಒಡೆತನ ಮತ್ತು ಅದಕ್ಕಿರುವ ಕಾನೂನು ರಕ್ಷಣೆಯನ್ನು ತೋರಿಸುವ ನಕ್ಷೆ, ಈಗಿರುವ ಕಾಲುದಾರಿಗಳ ಸ್ಥಿತಿಯ ಅಳತೆ, ಮುಂದಿನ ಹತ್ತು ವರ್ಷ ಆ ದಾರಿಗಳನ್ನು ಕಾಯುವವರ ಸಂಬಳಕ್ಕೆ ಎತ್ತಿಟ್ಟ ಹಣದ ವಿವರ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಯೋಜನೆಯನ್ನು ತಡೆಹಿಡಿಯಬೇಕು. ಪತ್ರಿಕೆಯವರೂ ಇಂತಹ ಯೋಜನೆಯ ಸುದ್ದಿ ಬಂದಾಗ ಈ ಮೂರು ದಾಖಲೆಗಳನ್ನು ಕೇಳಿ, ಸಿಕ್ಕ ಉತ್ತರವನ್ನು ಸುದ್ದಿಯ ಜೊತೆಗೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ